ಬೆಂಟೋನೈಟ್‌ಗೆ ನಾನೇ ಕಟ್ಟಿದ ಶೇಕರ್: ಹಗುರ ಬಾಸ್ಕೆಟ್, ಬಿಗಿ ಮೆಶ್

ನೆಲ ಕೊರೆಯುವಾಗ ಬಳಸುವ ಬೆಂಟೋನೈಟ್ ಜೇಡಿಯ ದ್ರವವೇ ಮಡ್, ಅದರಿಂದ ಮಣ್ಣು ಮರಳು ಸೋಸುವ ಅಲುಗುವ ಜರಡಿಯೇ ಶೇಕರ್. ಎಪಿಐ 120 (ಜರಡಿಯ ಸೂಕ್ಷ್ಮತೆಯ ದರ್ಜೆ) ಮೆಶ್ ಮೇಲೆ ಬೆಂಟೋನೈಟ್ ಮಡ್ ಓಡಿಸಲು ವರ್ಕ್‌ಶಾಪಿನಲ್ಲಿ ಕಟ್ಟಿದ ಶೇಕರ್ ಸಾಲದು, ಒಂದೋ ಮೆಶ್ ಕಟ್ಟಿಕೊಳ್ಳುತ್ತದೆ, ಇಲ್ಲವೇ ಸೈಡ್ ಪ್ಲೇಟ್ ಸೀಳುತ್ತದೆ ಎಂದವರೇ ಹೆಚ್ಚು. ಎರಡೂ ಆದವು, ನಿಜ. ಈಗ ಆಗುತ್ತಿಲ್ಲ. ಎರಡು ವೈಬ್ರೋ ಮೋಟಾರಿನ (ತುದಿಯ ಭಾರ ತಿರುಗಿಸಿ ಅಲುಗಿಸುವ ಮೋಟಾರ್) ಲೀನಿಯರ್ ಯಂತ್ರ, ಅಂದರೆ ನೇರ ಗೆರೆಯಲ್ಲಿ ಅಲುಗುವಂಥದ್ದು, 1.2 ಮೀಟರ್ ಅಗಲ, 1.8 ಮೀಟರ್ ಉದ್ದದ ಒಂದೇ ಡೆಕ್ (ಜರಡಿ ಹಾಸು). ಮಡ್ಡಿನ ಮಂದತನ ಅಳೆಯುವ ಮಾರ್ಷ್ ಫನೆಲ್‌ನಲ್ಲಿ 38–40 ಸೆಕೆಂಡ್ ತೋರಿಸುವ ಮಡ್ಡನ್ನು ಗಂಟೆಗೆ ಹತ್ತಿರ ಹತ್ತಿರ 40 ಘನ ಮೀಟರ್ ಇಳಿಸುತ್ತದೆ. ಹೊಸ ಯಂತ್ರಕ್ಕೆ ಕೇಳಿದ್ದ ಬೆಲೆಯ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚಿನಲ್ಲಿ ಮುಗಿದಿದೆ. ಅದರಲ್ಲಿ ಮೋಟಾರುಗಳಿಗೆ ನೂರಕ್ಕೆ ಮೂವತ್ತೈದು ನಲವತ್ತು, ಉಕ್ಕು ಮತ್ತು ಮಷಿನಿಂಗ್‌ಗೆ ಮೂವತ್ತರಷ್ಟು, ಉಳಿದದ್ದು ಸ್ಪ್ರಿಂಗ್, ವೈರಿಂಗ್, ಮೊದಲ ಸೆಟ್ ಮೆಶ್.

ಮೆಶ್ ಕಟ್ಟಿಕೊಂಡಾಗಲೆಲ್ಲ ಸಿಗುವ ಸಲಹೆ ಒಂದೇ: ದೊಡ್ಡ ಮೋಟಾರ್ ಹಾಕಿ. ನನ್ನ ಲೆಕ್ಕದಲ್ಲಿ ಅದು ದುಡ್ಡು ಸುಡುವ ದಾರಿ. ಮೋಟಾರ್ ದೊಡ್ಡದಾದರೆ ಬೀಮ್ ದಪ್ಪವಾಗಬೇಕು, ಬೀಮ್ ದಪ್ಪವಾದರೆ ಬಾಸ್ಕೆಟ್ (ಮೆಶ್ ಹೊತ್ತು ಅಲುಗುವ ಚೌಕಟ್ಟು) ತೂಕ ಏರುತ್ತದೆ, ತೂಕ ಏರಿದಷ್ಟೂ ಸ್ಟ್ರೋಕ್ (ಒಂದು ಅಲುಗಾಟದ ಉದ್ದ) ಇಳಿಯುತ್ತದೆ. ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲುವುದು, ಕರೆಂಟ್ ಬಿಲ್ ಮಾತ್ರ ಮೇಲೆ.

ಬಾಸ್ಕೆಟ್, ಮೋಟಾರ್, ಮೆಶ್ ಎಲ್ಲ ಸೇರಿ ಅಲುಗುವ ತೂಕ ಸುಮಾರು 380 ಕೆಜಿ. ತುದಿಯಿಂದ ತುದಿಗೆ 5 ಮಿಲಿಮೀಟರ್ ಸ್ಟ್ರೋಕ್ ಬೇಕೆಂದರೆ ಸ್ಟ್ರೋಕನ್ನು ತೂಕದಿಂದ ಗುಣಿಸಿ ಅರ್ಧ ಮಾಡಿ: 950 ಕೆಜಿ-ಮಿಲಿಮೀಟರ್, ಅಂದರೆ 95 ಕೆಜಿ-ಸೆಂಟಿಮೀಟರ್. ಒಂದೊಂದು ಮೋಟಾರಿಗೆ 47–48. ಕ್ಯಾಟಲಾಗ್ ನೋಡುವಾಗ ಇಲ್ಲೊಂದು ಗುಂಡಿ ಇದೆ. ಕೆಲವರು ಈ ಲೆಕ್ಕದ ಸ್ಟ್ಯಾಟಿಕ್ ಮೊಮೆಂಟ್ (ತಿರುಗುವ ಭಾರ ಗುಣಿಸು ಅಕ್ಷದಿಂದ ಅದರ ದೂರ) ಅಚ್ಚು ಹಾಕಿದರೆ ಕೆಲವರು ವರ್ಕಿಂಗ್ ಮೊಮೆಂಟ್ ಅಚ್ಚು ಹಾಕುತ್ತಾರೆ, ಎರಡನೆಯದು ಮೊದಲನೆಯದರ ಎರಡರಷ್ಟು. ಯಾವುದೆಂದು ನೋಡದೆ ಕೊಂಡರೆ ಅರ್ಧ ಬಲದ ಮೋಟಾರ್ ಮನೆಗೆ ಬರುತ್ತದೆ. ನಾಲ್ಕು ಪೋಲ್ ಮೋಟಾರ್, 1450 ಆರ್‌ಪಿಎಂ, ಸೆಂಟ್ರಿಫ್ಯೂಗಲ್ ಬಲ 1600 ಕೆಜಿ ದರ್ಜೆಯದ್ದು ತೆಗೆದುಕೊಂಡು ಶಾಫ್ಟ್ ತುದಿಯ ಭಾರದ ತುಂಡುಗಳನ್ನು ಶೇಕಡಾ 70ಕ್ಕೆ ಇಟ್ಟರೆ ತಲಾ 1120 ಕೆಜಿ ಆಸುಪಾಸು ಸಿಗುತ್ತದೆ. ಸ್ಟ್ರೋಕ್ ಮಿಲಿಮೀಟರಿನಲ್ಲಿ, ಅದಕ್ಕೆ ಆರ್‌ಪಿಎಂ ವರ್ಗ ಗುಣಿಸಿ, 17.9 ಲಕ್ಷದಿಂದ ಭಾಗಿಸಿದರೆ ಜಿ (ಅಲುಗಾಟದ ಜೋರು ಗುರುತ್ವದ ಎಷ್ಟು ಪಟ್ಟು ಎಂಬುದು) ಬರುತ್ತದೆ, ಇಲ್ಲಿ 5.9ರ ಹತ್ತಿರ. ಮಡ್ ಹೊತ್ತಾಗ ಇಷ್ಟು ಸಿಗದು, ಐದೂಕಾಲರಿಂದ ಐದೂವರೆ ಇರುತ್ತದೆ. ಬೆಂಟೋನೈಟ್‌ಗೆ ಅಷ್ಟು ಸಾಕು. ಏಳು ದಾಟಿಸಿದರೆ ಮಡ್ ಬೇಗ ಇಳಿಯುವುದೇನೋ ನಿಜ, ಆದರೆ ಮೆಶ್ ವಾರದಲ್ಲಿ ಚಿಂದಿ, ಜೊತೆಗೆ ಮೆದು ಮಣ್ಣಿನ ಉಂಡೆಗಳು ಡೆಕ್ ಮೇಲೇ ಪುಡಿಯಾಗಿ ಮಡ್ಡಿಗೆ ವಾಪಸ್.

ಒಂದೊಂದು ಮೋಟಾರಿಗೆ ಎರಡು ತುದಿ, ಒಟ್ಟು ನಾಲ್ಕು ತುದಿ. ನಾಲ್ಕರಲ್ಲೂ ಒಂದೇ ಸೆಟ್ಟಿಂಗ್ ಇರಬೇಕು. ಒಂದು ತುದಿ ತಪ್ಪಿದರೂ ಬಾಸ್ಕೆಟ್ ತಿರುಚುತ್ತದೆ, ಮಣ್ಣು ಒಂದು ಮೂಲೆಗೆ ಸರಿಯುತ್ತದೆ. ಮೋಟಾರುಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೂ ಕವರ್ ಮುಚ್ಚುವ ಮೊದಲು ಕಣ್ಣಾರೆ ನೋಡಿ.

ಹೆಚ್ಚಿನವರು ಕೈಬಿಡುವುದು ಭಾರಕೇಂದ್ರದ ಕೆಲಸದಲ್ಲಿ. ಎರಡು ಮೋಟಾರ್ ಅಕ್ಷಗಳನ್ನು ಸೇರಿಸುವ ಗೆರೆಯ ನಡುವಿನಿಂದ, ಅದಕ್ಕೆ ಲಂಬವಾಗಿ ಹೊರಡುವ ಗೆರೆ ಬಾಸ್ಕೆಟ್ಟಿನ ಭಾರಕೇಂದ್ರವನ್ನು ಹಾಯಲೇಬೇಕು, ಡೆಕ್‌ಗೆ 45 ಡಿಗ್ರಿಯಲ್ಲಿ. ಡ್ರಾಯಿಂಗ್ ಮೇಲಿನ ಭಾರಕೇಂದ್ರ ನಂಬಬೇಡಿ, ವೆಲ್ಡಿಂಗ್ ಕಡ್ಡಿಯ ತೂಕವೂ ಸೇರಿ ಅದು ಸರಿದಿರುತ್ತದೆ. ಮೋಟಾರ್ ಬೀಮನ್ನು ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡ್) ಮಾತ್ರ ಮಾಡಿ, ಮೋಟಾರ್ ಕೂರಿಸಿ, ಇಡೀ ಬಾಸ್ಕೆಟ್ಟನ್ನು ಪಕ್ಕದ ಪ್ಲೇಟಿನ ಒಂದು ರಂಧ್ರದಿಂದ ಕೊಕ್ಕೆಗೆ ತೂಗುಹಾಕಿ ತೂಗುಗುಂಡಿನ ದಾರ ಬಿಟ್ಟು ಚಾಕ್ ಎಳೆಯಿರಿ. ಇನ್ನೊಂದು ರಂಧ್ರದಿಂದ ಮತ್ತೊಮ್ಮೆ. ಎರಡು ಗೆರೆ ಕೂಡುವಲ್ಲಿ ಪಂಚ್ ಹೊಡೆದು, ಬೀಮನ್ನು ಅದಕ್ಕೆ ಹೊಂದಿಸಿದ ಮೇಲೆಯೇ ಪೂರ್ತಿ ವೆಲ್ಡ್. ಗೆರೆ ಡಿಸ್ಚಾರ್ಜ್ (ಮಣ್ಣು ಹೊರಬೀಳುವ) ಕಡೆಗೆ 40 ಮಿಲಿಮೀಟರ್ ತಪ್ಪಿದರೂ ಫೀಡ್ (ಮಡ್ ಬಂದು ಬೀಳುವ) ತುದಿ ಮತ್ತು ಡಿಸ್ಚಾರ್ಜ್ ತುದಿಯ ಚಲನೆಯ ಕೋನ ಬೇರೆಬೇರೆಯಾಗುತ್ತದೆ, ಮಣ್ಣು ಡೆಕ್ ನಡುವಿನಲ್ಲಿ ಗುಡ್ಡೆ ಹಾಕಿ ನಿಲ್ಲುತ್ತದೆ.

ಪರೀಕ್ಷೆಗೆ ದುಬಾರಿ ಉಪಕರಣವೇನೂ ಬೇಡ. ಸೈಡ್ ಪ್ಲೇಟಿಗೆ ಬಿಳಿ ಕಾಗದ ಅಂಟಿಸಿ, ಹೊರಗೆ ಗಟ್ಟಿ ಆಧಾರಕ್ಕೆ ಹಿಡಿದ ಪೆನ್ಸಿಲ್ ತುದಿಯನ್ನು ಒಂದು ಕ್ಷಣ ತಾಗಿಸಿ. ನೇರ ಗೆರೆ ಬರಬೇಕು, ಅದರ ಉದ್ದವೇ ಸ್ಟ್ರೋಕ್, ಅದರ ವಾಲಿಕೆಯೇ ಕೋನ. ಬಾಸ್ಕೆಟ್ಟಿನ ನಾಲ್ಕು ಮೂಲೆಯಲ್ಲೂ ತೆಗೆದು ಹೋಲಿಸಿ. ಗೆರೆಯ ಬದಲು ಮೊಟ್ಟೆಯಾಕಾರ ಬಂದರೆ ಭಾರಕೇಂದ್ರ ತಪ್ಪಿದೆ, ಇಲ್ಲವೇ ಒಂದು ಸ್ಪ್ರಿಂಗ್ ಸತ್ತಿದೆ.

ಬಿರುಕಿನ ವಿಷಯ. 1450 ಆರ್‌ಪಿಎಂ ಎಂದರೆ ಗಂಟೆಗೆ 87,000 ಸಲ ಬಾಗಿ ನೆಟ್ಟಗಾಗುವುದು. ಹನ್ನೆರಡು ಗಂಟೆಯಲ್ಲಿ ಹತ್ತು ಲಕ್ಷ ದಾಟುತ್ತದೆ. ಹಾಗಾಗಿ ಕೆಟ್ಟ ವೆಲ್ಡ್ ತಿಂಗಳು ಕಾಯಿಸುವುದಿಲ್ಲ, ಮೊದಲ ವಾರದಲ್ಲೇ ಬಣ್ಣ ಬಯಲು. 6 ಮಿಲಿಮೀಟರ್ ಸೈಡ್ ಪ್ಲೇಟಿಗೆ ಅಡ್ಡ ಪೈಪುಗಳನ್ನು ಸುತ್ತ ವೆಲ್ಡ್ ಮಾಡಿದ ಮೊದಲ ಬಾಸ್ಕೆಟ್ಟಿನಲ್ಲಿ ಪ್ರತಿ ಬಿರುಕೂ ವೆಲ್ಡ್ ಅಂಚಿನಿಂದಲೇ ಹೊರಟಿತು. ತುದಿಯಲ್ಲಿ ರಂಧ್ರ ಕೊರೆದು ತಡೆದರೆ ಅದರ ಪಕ್ಕದಲ್ಲಿ ಹೊಸದು, ಮೇಲೆ ಪ್ಯಾಚ್ ಹೊಡೆದರೆ ಪ್ಯಾಚಿನ ಮೂಲೆಯಲ್ಲಿ ಮತ್ತೊಂದು. ಆ ಬಾಸ್ಕೆಟ್ ಗುಜರಿಗೆ ಹೋಯಿತು, ಉಕ್ಕಿನ ಖರ್ಚು ಎರಡು ಸಲ ಬಿತ್ತು. ಈಗಿನದರಲ್ಲಿ ಪೈಪಿನ ತುದಿಗೆ 12 ಮಿಲಿಮೀಟರ್ ಫ್ಲೇಂಜ್ ವೆಲ್ಡ್ ಮಾಡಿ, ಫ್ಲೇಂಜನ್ನು ಸೈಡ್ ಪ್ಲೇಟಿಗೆ ಬೋಲ್ಟ್ ಹಾಕಿದೆ. ಸೈಡ್ ಪ್ಲೇಟ್ ಮೇಲೆ ಒಂದೇ ಒಂದು ವೆಲ್ಡ್ ಇಲ್ಲ, ಕೇಬಲ್ ಕ್ಲಿಪ್ ಕೂಡ ಬೋಲ್ಟಿನದೇ. ರಂಧ್ರಗಳನ್ನು ಡ್ರಿಲ್ ಮಾಡಬೇಕು, ಗ್ಯಾಸಿನಲ್ಲಿ ಸುಟ್ಟು ತೆಗೆಯಬಾರದು, ಅಂಚು ಎರಡೂ ಕಡೆ ಉಜ್ಜಬೇಕು. ಮೋಟಾರ್ ಬೀಮಿಗೆ ಇ7018 ಕಡ್ಡಿ, ಒಲೆಯಲ್ಲಿ ಒಣಗಿಸಿದ್ದು, ಕೆಲಸ ಮುಗಿದ ಮೇಲೆ ಸ್ಟ್ರೆಸ್ ರಿಲೀವ್ (ಬಿಸಿ ಮಾಡಿ ವೆಲ್ಡಿನ ಒಳ ಒತ್ತಡ ಇಳಿಸುವುದು). ಸ್ಟ್ರೆಸ್ ರಿಲೀವ್ ಖರ್ಚು ಉಳಿಸಲು ಹೋಗುವವರು ಎರಡನೇ ಬೀಮಿನ ಖರ್ಚನ್ನೂ ಬರೆದಿಟ್ಟುಕೊಳ್ಳಲಿ.

ಮೋಟಾರ್ ಕೂರುವ ಪ್ಲೇಟ್ 20 ಮಿಲಿಮೀಟರ್. ವೆಲ್ಡ್ ಆದ ಮೇಲೆ ಮಷಿನಿಂಗ್, ಕಾಲು ಮಿಲಿಮೀಟರಿಗಿಂತ ಹೆಚ್ಚು ಉಬ್ಬುತಗ್ಗು ಇರಕೂಡದು. ಉಬ್ಬಿದ್ದರೆ ಮೋಟಾರಿನ ಪಾದವೇ ಒಡೆಯುತ್ತದೆ, ಪಾದ ಒಡೆದ ಮೋಟಾರಿಗೆ ರಿಪೇರಿ ಇಲ್ಲ. ಎಂ20, 8.8 ದರ್ಜೆ ಬೋಲ್ಟ್, 380–400 ನ್ಯೂಟನ್ ಮೀಟರ್ ಟಾರ್ಕ್, ದಪ್ಪ ಫ್ಲ್ಯಾಟ್ ವಾಷರ್, ಲಾಕ್ ನಟ್. ಸ್ಪ್ರಿಂಗ್ ವಾಷರ್ ಹಾಕಬೇಡಿ. ಕಾಲು ಗಂಟೆ ಓಡಿಸಿ ಮತ್ತೆ ಟಾರ್ಕ್, ಮರುದಿನ ಇನ್ನೊಮ್ಮೆ.

ಸ್ಪ್ರಿಂಗ್ ನಾಲ್ಕು, ಒಂದೊಂದು ಮಿಲಿಮೀಟರಿಗೆ 37–38 ನ್ಯೂಟನ್. ನಿಂತಾಗ 25 ಮಿಲಿಮೀಟರ್ ಕುಗ್ಗುತ್ತದೆ, ಸಹಜ ಕಂಪನ ಸೆಕೆಂಡಿಗೆ ಮೂರು ಸಲ. ಮೋಟಾರ್ 24 ಸಲ ಹೊಡೆಯುವುದರಿಂದ ಸ್ಕಿಡ್‌ಗೆ (ಕೆಳಗಿನ ಆಧಾರ ಚೌಕಟ್ಟಿಗೆ) ಬಹುತೇಕ ಏನೂ ಇಳಿಯುವುದಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ಗಟ್ಟಿ ರಬ್ಬರ್ ಹಾಕಿದರೆ ಟ್ಯಾಂಕಿನ ಬೋಲ್ಟ್‌ಗಳೆಲ್ಲ ಸಡಿಲ. ನಿಲ್ಲಿಸುವಾಗ ಆ ಮೂರು ಹರ್ಟ್ಸ್ ದಾಟಬೇಕಲ್ಲ, ಆಗ ಬಾಸ್ಕೆಟ್ ಸಿಕ್ಕಾಪಟ್ಟೆ ಹೊಯ್ದಾಡುತ್ತದೆ. ಡ್ರೈವ್‌ನಲ್ಲಿ (ಮೋಟಾರ್ ವೇಗ ನಿಯಂತ್ರಿಸುವ ಪೆಟ್ಟಿಗೆ) ಡಿಸಿ ಬ್ರೇಕ್ ಒಂದೆರಡು ಸೆಕೆಂಡ್ ಕೊಟ್ಟರೆ ಮುಗಿಯಿತು. ಡ್ರೈವ್ ಇಲ್ಲದಿದ್ದರೆ ಪಕ್ಕಕ್ಕೆ ರಬ್ಬರ್ ತಡೆ ಇಡಿ.

ಈಗ ಮೆಶ್. ಲಾಭ ನಷ್ಟ ಎರಡೂ ಇರುವುದು ಇಲ್ಲಿಯೇ. ವರ್ಷದ ಖರ್ಚು ಕೂಡಿದರೆ ಮೆಶ್ ಬಿಲ್ ಮೋಟಾರುಗಳ ಬೆಲೆಯನ್ನು ಹಿಂದೆ ಹಾಕುತ್ತದೆ. ಲೇಬಲ್ ಮೇಲಿನ ಮೆಶ್ ಸಂಖ್ಯೆ ಬೇರೆ, ಎಪಿಐ ಸಂಖ್ಯೆ ಬೇರೆ. ಎಪಿಐ 120 ಎಂದರೆ 116.5ರಿಂದ 137.5 ಮೈಕ್ರಾನ್ ನಡುವಿನ ಕಟ್, ಅಂದರೆ ಅದಕ್ಕಿಂತ ದೊಡ್ಡ ಕಣ ಮೇಲೆಯೇ ನಿಲ್ಲುತ್ತದೆ. ಪದರ ಪದರದ ಪ್ಯಾನಲ್‌ಗಳಲ್ಲಿ ಹಳೆಯ ಲೇಬಲ್ 200 ಎಂದದ್ದು ಅಳೆದಾಗ 120–140ಕ್ಕೆ ಇಳಿಯುವುದುಂಟು. ಮೈಕ್ರಾನ್ ಕೇಳಿ ಕೊಳ್ಳಿ.

ಮೂರು ಪದರ: ಕೆಳಗೆ ದಪ್ಪ ತಂತಿಯದ್ದು, ಮೇಲೆ ಎರಡು ಸೂಕ್ಷ್ಮ ಮೆಶ್. ಮೆಶ್ ಹರಿಯುವುದು ಸವೆತದಿಂದ ಎಂದು ಎಲ್ಲರೂ ತಿಳಿಯುತ್ತಾರೆ. ಹರಿದದ್ದನ್ನು ಬೆಳಕಿಗೆ ಹಿಡಿದು ನೋಡಿ, ಹತ್ತರಲ್ಲಿ ಎಂಟು ಸಲ ತಂತಿ ಸವೆದಿರುವುದಿಲ್ಲ, ಆಧಾರದ ಪಟ್ಟಿಯ ಪಕ್ಕದಲ್ಲಿ ಬಾಗಿ ಬಾಗಿ ಮುರಿದಿರುತ್ತದೆ. ಮೆಶ್ ಸಡಿಲವಾದರೆ ಬಾಸ್ಕೆಟ್ ಮೇಲೆ ಹೋಗುವಾಗ ಇದು ಕೆಳಗೆ, ಅದು ಕೆಳಗೆ ಬರುವಾಗ ಇದು ಮೇಲೆ ಪಟಪಟ ಬಡಿದುಕೊಳ್ಳುತ್ತದೆ. ದೊಡ್ಡ ಮೋಟಾರ್ ಈ ಬಡಿತವನ್ನು ಹೆಚ್ಚಿಸುತ್ತದೆ, ಅಷ್ಟೇ. ಬಿಗಿ ಮಾಡುವ ಬೋಲ್ಟ್‌ಗಳ ಕೆಳಗೆ ಡಿಸ್ಕ್ ಸ್ಪ್ರಿಂಗ್ ಹಾಕಿ, ಎರಡು ಬದಿಯನ್ನೂ ಸರದಿಯಂತೆ ನಡುವಿನಿಂದ ತುದಿಗೆ ಬಿಗಿಯಿರಿ. ಹೊಸ ಮೆಶ್ ಹಾಕಿ ಹದಿನೈದು ನಿಮಿಷ ಖಾಲಿ ಓಡಿಸಿ ಮತ್ತೆ ಬಿಗಿ, ಮಡ್ ಬಿಟ್ಟು ಒಂದು ಗಂಟೆಗೆ ಇನ್ನೊಮ್ಮೆ. ಬೆರಳಲ್ಲಿ ಹೊಡೆದರೆ ಠಣ್ ಎನ್ನಬೇಕು. ದಬ್ ಎಂದರೆ ಸಡಿಲ. ಈ ಒಂದು ಶಿಸ್ತಿನಿಂದಲೇ ಶಿಫ್ಟುಗಳಲ್ಲಿ ಎಣಿಸುತ್ತಿದ್ದ ಮೆಶ್ ಆಯುಸ್ಸನ್ನು ವಾರಗಳಲ್ಲಿ ಎಣಿಸುವಂತಾಯಿತು. ಮೂರು ಪದರವನ್ನು ಜಾಲಿಗೆ ಅಂಟಿಸುವ ರಾಳ ಯಾವುದು, ಎಷ್ಟು ಬಿಸಿಯಲ್ಲಿ ಹದಕ್ಕೆ ತರುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಸುರಿದ ದುಡ್ಡು ಇನ್ನೂ ವಾಪಸ್ ಬರಬೇಕಿದೆ.

ಫೀಡ್ ಬಾಕ್ಸ್ ಅಗಲ ಡೆಕ್‌ನಷ್ಟೇ ಇರಲಿ. ಪೈಪಿನಿಂದ ನೇರ ಮೆಶ್ ಮೇಲೆ ಬಿದ್ದ ಮಡ್ ನಡುವಿನಲ್ಲಿ ನದಿಯಾಗಿ ಓಡಿ ಡಿಸ್ಚಾರ್ಜ್‌ನಲ್ಲಿ ಉದುರುತ್ತದೆ, ಎರಡು ಬದಿ ಒಣಗಿರುತ್ತದೆ. ಪೈಪ್ ಬಾಕ್ಸಿನ ತಳಕ್ಕೆ ಬರಲಿ, ಮಡ್ ಅಡ್ಡಗೋಡೆ ತುಂಬಿ ಅಂಚಿನಿಂದ ಹಾಳೆಯಂತೆ ಇಳಿಯಲಿ, ಬೀಳುವಲ್ಲಿ ರಬ್ಬರ್ ಹಾಳೆ ಇರಲಿ. ಅಂಚಿಗೆ ನಾನು ಕೊಟ್ಟಿರುವ ಆಕಾರ ಸ್ವಲ್ಪ ಬೇರೆ. ನೋಡಿದವರು ನಕಲು ಮಾಡಿಕೊಂಡರೆ ಬೇಸರವಿಲ್ಲ, ಅಳತೆ ಮಾತ್ರ ಕೇಳಬೇಡಿ.

ಡೆಕ್ ಕೋನ ಮರಳಿಗೆ ಮೇಲ್ಮುಖ 2–3 ಡಿಗ್ರಿ, ಐದು ದಾಟಬಾರದು. ದ್ರವದ ಕೊಳ ಡೆಕ್ಕಿನ ಮೂರನೇ ಎರಡು ಭಾಗದಲ್ಲಿ ಮುಗಿದು, ಕೊನೆಯ ಭಾಗದಲ್ಲಿ ಮಣ್ಣು ಒಣಗುತ್ತ ಹೋಗಬೇಕು. ಕೊಳ ತುದಿ ಮುಟ್ಟಿದರೆ ಬೆಂಟೋನೈಟ್ ಮಣ್ಣಿನ ಜೊತೆ ಲಾರಿ ಹತ್ತುತ್ತದೆ, ಅಂದರೆ ಕೊಂಡದ್ದಕ್ಕೂ ದುಡ್ಡು, ಎಸೆದದ್ದಕ್ಕೂ ದುಡ್ಡು. ಅಂಟು ಜೇಡಿಗೆ ಕೋನ ಸೊನ್ನೆ ಅಥವಾ ತುಸು ಕೆಳಮುಖ, ಮೆಶ್ ಎರಡು ದರ್ಜೆ ಒರಟು. ಮೇಲ್ಮುಖ ಡೆಕ್ ಮೇಲೆ ಜೇಡಿ ಹತ್ತುವುದಿಲ್ಲ, ಉಂಡೆಯಾಗಿ ಉರುಳುತ್ತ ಕೂರುತ್ತದೆ. ಮರಳಿನ ಕಣ ಮೆಶ್ ಕಣ್ಣಿಗೆ ಸರಿಯಾಗಿ ಕಚ್ಚಿಕೊಂಡರೆ ಎಲ್ಲರೂ ಒರಟು ಮೆಶ್ ಹಾಕುತ್ತಾರೆ. ಒಂದು ದರ್ಜೆ ಸೂಕ್ಷ್ಮದ್ದು ಹಾಕಿ ನೋಡಿ, ಕಣ ಕಣ್ಣಿಗೆ ಇಳಿಯದೆ ಮೇಲೆಯೇ ಉರುಳಿಹೋಗುತ್ತದೆ. ಇದನ್ನು ನಂಬದವರು ಬಹಳ ಮಂದಿ, ಮಾಡಿ ತೋರಿಸಿದ ಮೇಲೂ.

ಹೊಸದಾಗಿ ಕಲಸಿದ ಪಾಲಿಮರ್ ಮಡ್ಡನ್ನು ತಕ್ಷಣ ಸೂಕ್ಷ್ಮ ಮೆಶ್ ಮೇಲೆ ಬಿಡಬೇಡಿ. ಕರಗದ ಪಾಲಿಮರ್ ಗೋಂದಿನಂತೆ ಕಣ್ಣು ಮುಚ್ಚುತ್ತದೆ, ನೀರು ಬಿಟ್ಟರೆ ಇನ್ನಷ್ಟು ಹರಡುತ್ತದೆ. ಮೊದಲ ಕೆಲವು ಸುತ್ತು ಎಪಿಐ 60, ಆಮೇಲೆ 120.

ಕೆಲವು ಅಡ್ಡ ಪ್ರಯೋಗಗಳೂ ನಡೆದವು. ಮೆಶ್ ಕೆಳಗೆ ರಬ್ಬರ್ ಚೆಂಡು: ಒಣ ಪುಡಿಗೆ ಒಳ್ಳೆಯದು, ಮಡ್ಡಿನಲ್ಲಿ ಚೆಂಡೇ ಅಂಟಿ ನಿಲ್ಲುತ್ತದೆ, ಕಿತ್ತು ಬಿಸಾಡಿದೆ. ಡ್ರೈವ್‌ನಲ್ಲಿ 60 ಹರ್ಟ್ಸ್‌ಗೆ ಏರಿಸಿದಾಗ ಸ್ಟ್ರೋಕ್ ಒಂದು ಕೂದಲೂ ಬದಲಾಗಲಿಲ್ಲ, ಬದಲಾಗುವುದೂ ಇಲ್ಲ. ಬಲ ಮಾತ್ರ 1.44 ಪಟ್ಟು. ರೋಲರ್ ಬೇರಿಂಗ್ ಆಯುಸ್ಸು ಕಾಲು ಭಾಗದ ಆಸುಪಾಸಿಗೆ ಕುಸಿಯುವ ಲೆಕ್ಕ ಅದು. ಏರಿಸಲೇಬೇಕೆಂದರೆ ಭಾರದ ತುಂಡುಗಳನ್ನು ಮೊದಲು ಇಳಿಸಿ. ಹೀಗೆ ಸ್ಟ್ರೋಕ್ ಇಳಿಸಿ ವೇಗ ಏರಿಸಿದ ಸೆಟ್ಟಿಂಗ್ ನುಣ್ಣನೆ ಮರಳಿಗೆ ಚೆನ್ನಾಗಿ ಒಗ್ಗಿತು, ಜೇಡಿಗೆ ಸೋತಿತು.

ಶೇಕರ್ ಒಂದೇ ಮಡ್ಡನ್ನು ಶುದ್ಧ ಮಾಡುವುದಿಲ್ಲ. 100 ಮೈಕ್ರಾನಿನ ಕೆಳಗಿನದಕ್ಕೆ 4 ಇಂಚಿನ ಹೈಡ್ರೋಸೈಕ್ಲೋನ್ (ಮಡ್ಡನ್ನು ಗಿರ್ರನೆ ಸುತ್ತಿಸಿ ಕಣ ಬೇರ್ಪಡಿಸುವ ಶಂಕು) ಐದು ಇಟ್ಟಿದ್ದೇನೆ. ಒಂದೊಂದು ಗಂಟೆಗೆ 11–12 ಘನ ಮೀಟರ್, ಐದೂ ಸೇರಿದರೆ ಒಟ್ಟು ಹರಿವಿಗಿಂತ ನೂರಕ್ಕೆ ನಲವತ್ತರಷ್ಟು ಹೆಚ್ಚು. ಒಳಹರಿವಿಗೆ 23 ಮೀಟರ್ ಹೆಡ್ (ಅಷ್ಟು ಎತ್ತರದ ಮಡ್ಡಿನ ಒತ್ತಡ) ಬೇಕು, 1.1 ಸಾಂದ್ರತೆಯ ಮಡ್ಡಿಗೆ ಎರಡೂವರೆ ಬಾರ್. ಕೆಳಗಿನಿಂದ ಛತ್ರಿಯಾಗಿ ಸಿಂಪಡಿಸಬೇಕು, ಹಗ್ಗದಂತೆ ಇಳಿದರೆ ಮರಳು ಮೇಲಿನಿಂದ ಮಡ್ಡಿಗೇ ಹೋಗುತ್ತಿದೆ ಎಂದರ್ಥ. ಆ ಸಿಂಪಡಿಕೆಯನ್ನು ಅದೇ ಡೆಕ್ಕಿನ ಕೊನೆಯ ಒಣ ಭಾಗಕ್ಕೆ ಬಿಟ್ಟದ್ದರಿಂದ ಎರಡನೇ ಶೇಕರಿನ ಖರ್ಚು ತಪ್ಪಿತು. ಮೆಶ್ ಮೇಲೆ ಮಣ್ಣಿನ ತೆಳು ಪದರ ಇರುವಾಗಲೇ ಬಿಡಬೇಕು, ಬರಿ ಮೆಶ್ ಮೇಲೆ ಬಿಟ್ಟರೆ ನುಣ್ಣನೆಯದೆಲ್ಲ ತೂರಿ ವಾಪಸ್.

ಎರಡು ಮೋಟಾರಿಗೂ ಬೇರೆ ಬೇರೆ ಓವರ್‌ಲೋಡ್ ರಿಲೇ ಇರಲಿ, ಒಂದು ಟ್ರಿಪ್ ಆದರೆ ಎರಡೂ ನಿಲ್ಲುವಂತೆ ಇಂಟರ್‌ಲಾಕ್ ಮಾಡಿ. ಒಂದಕ್ಕೆ ಕರೆಂಟ್ ಹೋದರೂ ಇನ್ನೊಂದರ ಕಂಪನಕ್ಕೆ ಅದು ತಿರುಗುತ್ತಲೇ ಇರಬಹುದು, ಸದ್ದು ಕೇಳಿ ಗೊತ್ತಾಗುವುದಿಲ್ಲ, ಉಳಿದ ಮೋಟಾರ್ ಇಬ್ಬರ ಭಾರ ಹೊತ್ತು ಸುಟ್ಟುಹೋಗುತ್ತದೆ. ನಿಲ್ಲಿಸುವಾಗ ಮೊದಲು ಫೀಡ್ ಮುಚ್ಚಿ, ಎರಡು ಮೂರು ನಿಮಿಷ ಖಾಲಿ ಓಡಿಸಿ, ಮೆಶ್ಶನ್ನು ಕೆಳಗಿನಿಂದ ಅಗಲ ನಾಜಲ್‌ನಲ್ಲಿ ಒಂದಡಿ ದೂರದಿಂದ ತೊಳೆಯಿರಿ. ತೊಳೆದ ನೀರು ಮಡ್ ಟ್ಯಾಂಕಿಗೆ ಬೀಳದಂತೆ ಕೆಳಗಿನ ಗೇಟ್ ತಿರುಗಿಸುವುದನ್ನು ಮರೆತರೆ ಫನೆಲ್ ಮರುದಿನ ಬೆಳಿಗ್ಗೆ 30 ಸೆಕೆಂಡ್ ತೋರಿಸುತ್ತದೆ.