ವಾಷಿಂಗ್ ಮಷೀನ್‌ನಲ್ಲಿ ನೀರು ಹಾಗೇ ನಿಂತಿದ್ದರೆ ಮೊದಲು ಇದನ್ನು ನೋಡಿ

ಫ್ರಂಟ್ ಲೋಡ್ ಮಷೀನ್ ನೀರು ಹೊರಗೆ ಬಿಡದಿದ್ದರೆ ಗಾಬರಿಯಾಗಿ ಸುಮ್ನೆ ಮೆಕ್ಯಾನಿಕ್‌ನ ಕರೆಸಬೇಡಿ. ಡ್ರೇನ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಮೊದಲು ಪ್ಲಗ್ ತೆಗೆಯಿರಿ. ಬಿಸಿನೀರಿನಲ್ಲಿ ಒಗೆಯುತ್ತಿದ್ದರೆ ತಣ್ಣಗಾಗುವವರೆಗೆ ದಯವಿಟ್ಟು ಕಾಯಿರಿ, ಕೈ ಸುಟ್ಟೀತು.

ಸಾಮಾನ್ಯವಾಗಿ ಮುಂದುಗಡೆ ಕೆಳಗೆ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಫಿಲ್ಟರ್ ಅದರೊಳಗಿದೆ. ಕೆಳಗೆ ಅಗಲವಾದ ತಟ್ಟೆ, ಹಳೇ ಬಟ್ಟೆ ಇಟ್ಟು ಎಡಕ್ಕೆ ನಿಧಾನವಾಗಿ ತಿರುಗಿಸಿ. ಒಂದೇ ಸಲಕ್ಕೆ ಬಿಚ್ಚಿದರೆ ಡ್ರಮ್ಮಿನ ನೀರೆಲ್ಲ ನೆಲಕ್ಕೆ ಬರುತ್ತದೆ! ತಟ್ಟೆ ತುಂಬಿದಾಗ ಬಿಗಿ ಮಾಡಿ, ನೀರು ಚೆಲ್ಲಿ, ಮತ್ತೆ ಸಡಿಲಿಸಿ. ನಮ್ಮ ಮಷೀನಿನಲ್ಲಿ ಹೇರ್‌ಪಿನ್ನು, ನಾಣ್ಯ, ಮಗುವಿನ ಕಾಲುಚೀಲ ಸಿಕ್ಕಿತ್ತು. ಆಮೇಲೆ ಟಾರ್ಚ್ ಹಿಡಿದು ಒಳಗೆ ನೋಡಿ. ಪಂಪಿನ ಪುಟ್ಟ ರೆಕ್ಕೆಗಳಿಗೆ ಕೂದಲು, ದಾರ ಸುತ್ತಿಕೊಂಡಿದ್ದರೆ ಅದನ್ನೂ ಬಿಡಿಸಿ.

ಫಿಲ್ಟರ್ ಸ್ವಚ್ಛವಾಗಿಯೇ ಇದ್ದರೆ ಹಿಂದಿನ ಪೈಪ್ ಮಡಚಿಕೊಂಡಿದೆಯಾ ನೋಡಿ.