ಮೊದಲು ಊಟ, ನಿದ್ದೆಯ ಮಾತು

ನನ್ನ ಕೋಣೆಯ ಬಾಗಿಲ ಮೇಲೆ ‘ಆಪ್ತ ಸಲಹಾ ಕೇಂದ್ರ’ ಅಂತ ಬರೆದಿದೆ. ಹಾಗಾಗಿ ಬಂದವರು ಕೂತ ತಕ್ಷಣ ಕೇಳುತ್ತಾರೆ: “ಈಗ ನಾನೇನ್ ಮಾಡ್ಲಿ, ಹೇಳಿ ಮೇಡಂ.” ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಹೇಳಿಬಿಡುತ್ತಿದ್ದೆ.

ನಾನು ಅರಸೀಕೆರೆ ಕಡೆಯ ಹಳ್ಳಿಯವಳು. ಪಿಯುಸಿವರೆಗೂ ಕನ್ನಡ ಮಾಧ್ಯಮ. ಡಿಗ್ರಿಗೆ ಮೈಸೂರಿನ ಹಾಸ್ಟೆಲ್ ಸೇರಿದಾಗ ಪಾಠ ಅರ್ಥವಾಗದೆ ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಮನಃಶಾಸ್ತ್ರ ಓದಿ ವಿಶ್ವವಿದ್ಯಾಲಯದ ಕೆಲಸಕ್ಕೆ ಬಂದರೆ, ಎದುರಿಗೆ ಕೂತವರೆಲ್ಲ ನನ್ನಂಥ ಮಕ್ಕಳೇ.

ಆದರೂ ತಪ್ಪು ಮಾಡಿದೆ. ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಸಿಬಿಟಿಯನ್ನು, ಅಂದರೆ ನಮ್ಮ ಯೋಚನೆಗಳನ್ನು ಪರೀಕ್ಷಿಸಿ ಬದಲಿಸಿಕೊಳ್ಳುವ ಚಿಕಿತ್ಸೆಯನ್ನು, ಆಸೆಯಿಂದ ಕಲಿತಿದ್ದೆ. ಒಬ್ಬ ಹುಡುಗನಿಗೆ ಮೊದಲ ದಿನವೇ ಒಂದು ಇಂಗ್ಲಿಷ್ ಹಾಳೆ ಕೊಟ್ಟೆ. ಏನಾಯ್ತು, ಏನು ಯೋಚನೆ ಬಂತು, ಹೇಗನ್ನಿಸಿತು, ಬರೆದು ತಾ ಅಂದೆ. ಅವನು ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಮತ್ತೆ ಬರಲೇ ಇಲ್ಲ. ಅದು ಸಿಬಿಟಿಯ ತಪ್ಪಲ್ಲ, ನನ್ನ ಅವಸರದ್ದು. ಎದುರಿಗಿರುವವರನ್ನು ಇದ್ದ ಹಾಗೇ ಒಪ್ಪಿಕೊಂಡು ಕೇಳಿಸಿಕೊಳ್ಳಬೇಕು ಅಂತ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹೇಳಿದ್ದನ್ನು ಪರೀಕ್ಷೆಗೆ ಮಾತ್ರ ಓದಿದ್ದೆ, ಅಷ್ಟೇ.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಅನ್ನುವ ಪಟ್ಟಿಯಲ್ಲಿ ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆಗಳಿವೆ. ಮೊದಲೇ ಕೈಗೆ ಕೊಟ್ಟರೆ ಎಷ್ಟೋ ಮಕ್ಕಳು ಎಲ್ಲದಕ್ಕೂ ಸೊನ್ನೆ ಹಾಕಿಬಿಡುತ್ತಾರೆ. ಹೊಸಬರ ಮುಂದೆ ‘ನನಗೆ ಕಷ್ಟ’ ಅನ್ನೋದು ಸುಲಭವಲ್ಲ, ಅಲ್ವಾ? ಅದಕ್ಕೆ ಈಗ ಊಟ, ನಿದ್ದೆ ವಿಚಾರಿಸುತ್ತೇನೆ. ಅದನ್ನು ಹೇಳೋಕೆ ಯಾರಿಗೂ ನಾಚಿಕೆಯಿಲ್ಲ.

ಒಬ್ಬಳು (ಗುರುತು ಸಿಗದ ಹಾಗೆ ಬದಲಿಸಿದ್ದೇನೆ) “ಊಟ ಗಂಟ್ಲಲ್ಲಿ ಇಳಿಯಲ್ಲ ಮೇಡಂ” ಅಂದಳು.

“ಯಾವಾಗಿಂದಮ್ಮ?”

ತುಂಬಾ ಹೊತ್ತು ಸುಮ್ನಿದ್ದಳು. ನಾನೂ ಸುಮ್ನಿದ್ದೆ. ಆಮೇಲೆ ಎರಡು ವಿಷಯ ಬ್ಯಾಕ್‌ಲಾಗ್ ಆಗಿದ್ದು, ಅಪ್ಪ ಸಾಲ ಮಾಡಿ ಫೀಸ್ ಕಟ್ಟಿದ್ದು ಎಲ್ಲ ಹೊರಗೆ ಬಂತು. ಅವತ್ತು ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ನಾಲ್ಕನೇ ಸಲ ಬಂದಾಗ ಅದೇ ಹಾಳೆ ತೆಗೆದೆವು, ಕನ್ನಡದಲ್ಲಿ. ‘ನಾನು ಅಪ್ಪನ ದುಡ್ಡು ದಂಡ ಮಾಡಿದೆ’ ಅಂತ ಅವಳೇ ಬರೆದಳು. ಅದು ಎಷ್ಟು ನಿಜ, ಎಷ್ಟು ಭಯ ಅಂತ ಇಬ್ಬರೂ ಕೂತು ನೋಡಿದೆವು. ಪಾಸಾದ ವಿಷಯಗಳನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಾಯುವುದಿಲ್ಲ. ಅನುಮಾನ ಬಂದರೆ “ಸಾಯಬೇಕು ಅನ್ನಿಸಿದೆಯಾ?” ಅಂತ ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು. ಇಲ್ಲಿಯ ಮಾತು ಹೊರಗೆ ಹೋಗಲ್ಲ, ಆದರೆ ಜೀವಕ್ಕೆ ಅಪಾಯವಿದ್ದರೆ ಮುಚ್ಚಿಡಲ್ಲ ಅಂತ ಮೊದಲ ದಿನವೇ ಹೇಳಿರುತ್ತೇನೆ. ಅಂಥವರನ್ನು ಮನೋವೈದ್ಯರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ರಾತ್ರಿ ಹೊತ್ತಿಗೆ ಅಂತ ಟೆಲಿ-ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಸುತ್ತೇನೆ. 2022ರಿಂದ ಇರುವ ಸರ್ಕಾರದ ಈ ಮಾನಸಿಕ ಆರೋಗ್ಯ ಸಹಾಯವಾಣಿಗೆ ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.