ಇಂಪ್ಲಾಂಟ್ ದುಬೈದು, ಕ್ಯಾಪ್ ಮಂಗಳೂರಿನದ್ದು: ಇಂಪ್ಲಾಂಟ್ ಹಲ್ಲು ಹಾಕಿಸುವ ಮೊದಲು ಕೇಳಬೇಕಾದ್ದು

ನಮ್ಮ ಕಾಸರಗೋಡಿನ ಕಡೆ ಇದು ಮಾಮೂಲಿ. ಗಲ್ಫಿನಲ್ಲಿದ್ದಾಗ ದವಡೆಗೆ ಇಂಪ್ಲಾಂಟ್, ಅಂದರೆ ಹಲ್ಲಿನ ಬೇರಿನ ಬದಲಿಗೆ ಕೂರಿಸುವ ಲೋಹದ ತುಂಡು, ಹಾಕಿಸಿಕೊಳ್ಳುವುದು, ಅದು ಮೂಳೆಗೆ ಹಿಡಿಯಲು ಮೂರ್ನಾಲ್ಕು ತಿಂಗಳು ಬೇಕು ಅಂದಾಗ ಊರಿಗೆ ಬಂದು ಬಾಕಿ ಕೆಲಸವನ್ನು ಮಂಗಳೂರಲ್ಲಿ ಮುಗಿಸುವುದು. ನನ್ನ ಭಾವನೂ ಹಾಗೇ ಮಾಡಿದರು. ಕ್ಯಾಪ್ ನೋಡಲು ಚೆಂದವೇ ಇತ್ತು. ಆರು ತಿಂಗಳಲ್ಲಿ ಅಲುಗಾಡತೊಡಗಿತು. ಬಿಚ್ಚಿದಾಗ ಬಂದ ವಾಸನೆಗೆ ಮಾಸ್ಕ್ ಹಾಕಿದ್ದ ಡಾಕ್ಟ್ರೇ ಮುಖ ತಿರುಗಿಸಿದರು.

ವಾಸನೆ ಎಲ್ಲಿಂದ ಬಂತು? ಇಂಪ್ಲಾಂಟ್ ಹಲ್ಲು ಸಾಮಾನ್ಯವಾಗಿ ಒಂದೇ ತುಂಡಲ್ಲ. ಮೂಳೆಯೊಳಗೆ ಟೈಟಾನಿಯಂ ಇಂಪ್ಲಾಂಟ್, ಅದರ ಮೇಲೆ ಅಬಟ್‌ಮೆಂಟ್ ಅನ್ನುವ ಸಣ್ಣ ಕಂಬ, ಕಂಬವನ್ನು ಬಿಗಿಯುವ ಸ್ಕ್ರೂ, ಮೇಲೆ ಕ್ಯಾಪ್. ಕಂಬ ಇಂಪ್ಲಾಂಟಿಗೆ ಸೇರುವಲ್ಲಿ ಕಣ್ಣಿಗೆ ಕಾಣದ ಸಂದು ಇರುತ್ತದೆ. ಬ್ಯಾಕ್ಟೀರಿಯಾದ ಗಾತ್ರ ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರಿನ 1000ದಲ್ಲಿ ಒಂದು ಪಾಲು. ಸಂದು ಕೆಲವೇ ಮೈಕ್ರಾನ್ ಇದ್ದರೂ ಅವಕ್ಕೆ ಅದು ಹೆಬ್ಬಾಗಿಲು. ಅಗಿಯುವಾಗ ಕಂಬ ಚೂರೇ ಚೂರು ಅಲುಗುತ್ತದೆ, ಸಂದು ತೆರೆದು ಮುಚ್ಚುತ್ತದೆ, ಪಂಪಿನ ಹಾಗೆ ಜೊಲ್ಲನ್ನು ಒಳಗೆಳೆದು ಹೊರಗೆ ಬಿಡುತ್ತದೆ. ಒಳಗೆ ಗಾಳಿಯಾಡುವುದಿಲ್ಲ, ಗಾಳಿ ಬೇಡದ ಜಾತಿಗಳು ಅಲ್ಲೇ ಮನೆ ಮಾಡುತ್ತವೆ. ಹೊರಗೆ ಒಸರಿದ್ದು ವಸಡಿಗೆ ತಾಗಿ ಊತ ಬರಬಹುದು, ಸುತ್ತಲಿನ ಮೂಳೆ ಕರಗುವುದೂ ಉಂಟು.

ಭಾವನ ಇಂಪ್ಲಾಂಟ್ ಒಂದು ಕಂಪನಿಯದ್ದು, ಮಂಗಳೂರಲ್ಲಿ ಹಾಕಿದ ಕಂಬ ಇನ್ನೊಂದರದ್ದು. ಎರಡೂ ಸರಿಯಾಗಿ ಹೊಂದದಿದ್ದರೆ ಸಂದು ದೊಡ್ಡದಾಗುತ್ತದೆ. ಹಾಗಂತ ಬೇರೆ ಕಂಪನಿಯ ಕಂಬ ಹಾಕಲೇಬಾರದು ಅಂತಿಲ್ಲ. ಕೆಲವು ಚೆನ್ನಾಗಿಯೇ ಕೂರುತ್ತವೆ. ಆದರೆ "ಸೈಜ್ ಒಂದೇ, ಸರಿಹೋಗ್ತದೆ" ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಎರಡೂ ಪೆಟ್ಟಿಗೆಯ ಮೇಲೆ ಒಂದೇ ಅಳತೆ ಬರೆದಿದ್ದರೂ ಕಂಬ ಕೂರುವ ಒಳಗೋಡೆಯ ಓರೆ ಒಂದರಲ್ಲಿ 8 ಡಿಗ್ರಿ, ಇನ್ನೊಂದರಲ್ಲಿ 11 ಇರಬಹುದು, ಸ್ಕ್ರೂ ತಲೆಯ ಆಕಾರವೂ ಬೇರೆಯಾಗಿರಬಹುದು. ತೋಟದ ಸ್ಪ್ರಿಂಕ್ಲರ್ ಪೈಪಿಗೆ ಸಿಕ್ಕಿದ ಜಾಯಿಂಟ್ ಹಾಕಿದವರಿಗೆ ಗೊತ್ತು: ತಿರುಗಿಸಿದರೆ ಕೂರುತ್ತದೆ, ಹನಿ ನಿಲ್ಲುವುದಿಲ್ಲ. ಲೋಟದೊಳಗೆ ಲೋಟ ಸಿಕ್ಕಿಕೊಂಡ ಹಾಗೆ ಕೂರುವ ಓರೆ ಜೋಡಣೆಯಲ್ಲಿ ಸೋರಿಕೆ ಕಡಿಮೆ, ಪೂರ್ತಿ ಇಲ್ಲ ಅಂತಲ್ಲ.

ಮೊದಲ ಕೆಲಸ, ಸ್ಟಿಕ್ಕರ್ ಕೇಳಿ. ಇಂಪ್ಲಾಂಟ್ ಪೆಟ್ಟಿಗೆಯಲ್ಲಿ ಕಂಪನಿ ಹೆಸರು, ಅಳತೆ, ಲಾಟ್ ನಂಬರ್ ಇರುವ ಲೇಬಲ್ ಇರುತ್ತದೆ. ಕ್ಲಿನಿಕ್ಕಿನ ಫೈಲಲ್ಲಿದ್ದರೆ ಸಾಲದು, ನಿಮ್ಮ ಕೈಯಲ್ಲೂ ಒಂದಿರಲಿ, ಫೋನಲ್ಲಿ ಫೋಟೋ ಇರಲಿ. 2020ರಲ್ಲಿ ಕೊರೋನಾ ಬಂದಾಗ ಕಾಸರಗೋಡಿಗೂ ಮಂಗಳೂರಿಗೂ ನಡುವಿನ ತಲಪಾಡಿ ಗಡಿ ಮುಚ್ಚಿದ್ದು ನೆನಪಿದೆಯಲ್ವಾ? ಇಲ್ಲೇ ಮಂಗಳೂರಲ್ಲಿದ್ದ ಫೈಲೂ ಆಗ ದುಬೈಯಲ್ಲಿದ್ದಷ್ಟೇ ದೂರ. ಲೇಬಲ್ ಇಲ್ಲದಿದ್ದರೆ ಎಕ್ಸ್‌ರೇ ನೋಡಿ ಕಂಪನಿ ಗುರುತಿಸಬೇಕಾಗುತ್ತದೆ, ಅದು ಯಾವಾಗಲೂ ಆಗುವ ಮಾತಲ್ಲ.

ಆಮೇಲೆ ಕೇಳಿ: ಕಂಬ ಅದೇ ಕಂಪನಿಯದ್ದಾ, ಅಲ್ಲವಾದರೆ ನನ್ನ ಮಾಡೆಲ್ಲಿಗೇ ಮಾಡಿದ್ದಾ? ಮಷೀನಲ್ಲಿ ಕಡೆದದ್ದಾ, ಎರಕ ಹೊಯ್ದದ್ದಾ? ಎರಕದಲ್ಲಿ ಕೂರುವ ಜಾಗ ತರಿತರಿಯಾಗುವ ಸಾಧ್ಯತೆ ಜಾಸ್ತಿ. ಲ್ಯಾಬಲ್ಲಿ ಹಾಕಿ ತೆಗೆದು ಸವೆದ ಸ್ಕ್ರೂವನ್ನೇ ಬಾಯಿಗೂ ಹಾಕುವುದು ಬೇಡ, ಕೊನೆಗೆ ಹೊಸದೇ ಇರಲಿ. ಇದಕ್ಕೆಲ್ಲ ಸಿಟ್ಟಾಗುವ ಡಾಕ್ಟ್ರಾದರೆ, ನಾನಾದರೆ ಇನ್ನೊಬ್ಬರನ್ನು ನೋಡುತ್ತೇನೆ.

ಬಿಗಿಯುವುದು ಕೈ ಅಂದಾಜಿನಲ್ಲಲ್ಲ. ಎಷ್ಟು ಬಲದಿಂದ ತಿರುಗಿಸಿದ್ದು ಅಂತ ತೋರಿಸುವ ಟಾರ್ಕ್ ರೆಂಚ್ ಬೇಕು. ಬಹಳ ಕಡೆ 30ರಿಂದ 35 ನ್ಯೂಟನ್ ಸೆಂಟಿಮೀಟರ್ (ತಿರುಚುವ ಬಲದ ಅಳತೆ), ಕೆಲವಕ್ಕೆ ಇನ್ನೂ ಕಡಿಮೆ, ಅದನ್ನು ಕಂಪನಿಯೇ ಹೇಳಿರುತ್ತದೆ. ಬಿಗಿದ ಮೇಲೆ ಲೋಹ ಸ್ವಲ್ಪ ಕೂತು ಹಿಡಿತ ಸಡಿಲವಾಗುವುದರಿಂದ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಬಿಗಿಯುವುದು ಒಳ್ಳೆಯದು. ಕಂಬ ಪೂರ್ತಿ ಕೂತಿದೆಯಾ ಅಂತ ಎಕ್ಸ್‌ರೇ ತೆಗೆಸಿ. ಕಿರಣ ನೇರ ಬೀಳದೆ ಓರೆಯಾದರೆ ಸಂದು ಇದ್ದರೂ ಕಾಣದೆ ಹೋಗಬಹುದು.

ಮನೆಯಲ್ಲಿ ಹಲ್ಲುಗಳ ನಡುವೆ ಹೋಗುವ ಸಣ್ಣ ಇಂಟರ್‌ಡೆಂಟಲ್ ಬ್ರಷ್‌ನಿಂದ ಸುತ್ತ ತಿಕ್ಕಿ. ಆದರೆ ಒಳಗಿನ ಸಂದಿಗೆ ಬ್ರಷ್ಷೂ ಮೌತ್‌ವಾಶೂ ತಲುಪುವುದಿಲ್ಲ. ಕ್ಯಾಪ್ ಸ್ವಲ್ಪ ಅಲುಗಿದರೆ, ಬಾಯಲ್ಲಿ ಕೆಟ್ಟ ರುಚಿ ಬಂದರೆ, ವಸಡಿನಿಂದ ರಕ್ತವೋ ಕೀವೋ ಬಂದರೆ ಆ ಬದಿಯಲ್ಲಿ ಅಗಿಯುವುದನ್ನು ಅಲ್ಲಿಗೇ ನಿಲ್ಲಿಸಿ. ಎಲೆ ಅಡಿಕೆಯಂತೂ ಬೇಡವೇ ಬೇಡ. ಸಡಿಲ ಸ್ಕ್ರೂ ಬಿಗಿಯುವುದು ಕೆಲವು ನಿಮಿಷದ ಕೆಲಸ, ಅದು ಇಂಪ್ಲಾಂಟಿನೊಳಗೆ ಮುರಿದರೆ ತೆಗೆಯುವುದು ದೊಡ್ಡ ರಗಳೆ. ಭಾವನದ್ದು ಮುರಿದಿರಲಿಲ್ಲ. ದುಬೈಯ ಕ್ಲಿನಿಕ್ಕಿನಿಂದ ಲೇಬಲಿನ ಫೋಟೋ ವಾಟ್ಸಾಪಲ್ಲಿ ತರಿಸಿ, ಅದೇ ಕಂಪನಿಯ ಕಂಬ ಹಾಕಿಸಿದೆವು.